ಅಂಗಳದಲ್ಲಿ ಗೌಡರ ಬಿಡಾರ

ಭಾಗ್ಯಾ, ಮಲ್ಲು, ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಅಜ್ಜಿಗೆ ಸಿಟ್ಟು ಬಂದಿದೆ. ನಿಮ್ಮ ಮೇಲಲ್ಲ, ಹೆದರಬೇಡಿ. ನಾಲ್ಕು ಮಂದಿಯ ಎದುರು ಬಾಯಿ ತೆರೆಯಬೇಕೆಂದರೆ ನನ್ನ ನಾಲಿಗೆ ಒಣಗಿಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಗಬ್ಬೂರಿನ ಶಾಲೆಯಲ್ಲಿ ಮಾಸ್ತರು ಲೆಕ್ಕ ಕೇಳಿದರೆ ಉತ್ತರ ಗೊತ್ತಿದ್ದರೂ ಹೇಳದೆ, ಪಾಟಿಯ ಮೇಲೆ ಬರೆದು ಎತ್ತಿ ಹಿಡಿಯುತ್ತಿದ್ದೆ. "ನಿನ್ನ ಬಾಯಿ ಪಾಟ್ಯಾಗ ಅದ ಏನವ್ವಾ?" ಎಂದು ಮಾಸ್ತರು ನಗುತ್ತಿದ್ದರು. ಇಷ್ಟು ವಯಸ್ಸಾದರೂ ಅದೇ ಚಾಳಿ. ದೇವದುರ್ಗದ ಈ ಓಣಿಯಲ್ಲಿ ನಿಂತು ಜಗಳವಾಡಲು ಬರುವುದಿಲ್ಲ. ಅದಕ್ಕೇ ರಾಯಚೂರಿನಲ್ಲಿರುವ ನಿಮಗೆ ಬರೆಯುತ್ತಿದ್ದೇನೆ.

ಸಿಟ್ಟು ಶುರುವಾದದ್ದು ಒಂದು ಮಾತಿನಿಂದ. "ಒಂದ್ ಮೀನಿಗ್ಯಾಕ ಇಷ್ಟೆಲ್ಲಾ?" ಹಾಲು ಹಾಕುವವನು ಕೇಳಿದ. ಕಿರಾಣಿ ಅಂಗಡಿಯವನು ಕೇಳಿದ. ಮೀಟರು ನೋಡಲು ಬಂದವನು ಮೀಟರು ಬಿಟ್ಟು ಮೀನು ನೋಡಿ ಕೇಳಿದ. ನನಗೆ ತಿಳಿಯದೆ ಕೇಳುತ್ತೇನೆ, ಒಂದು ಮೀನಿಗೆ ಎಷ್ಟು ಮಾಡಿದರೆ ಸರಿ ಎಂದು ಯಾರಾದರೂ ಎಲ್ಲಾದರೂ ಬರೆದಿಟ್ಟಿದ್ದಾರೆಯೇ? ಒಂದು ಎಮ್ಮೆಗೆ ಕೊಟ್ಟಿಗೆ ಕಟ್ಟಿದರೆ ಯಾರೂ ಕೇಳುವುದಿಲ್ಲ. ಎದುರು ಮನೆಯವರು ಮೋಟಾರು ಸೈಕಲ್ಲಿಗೆ ತಗಡಿನ ನೆರಳು ಹಾಕಿಸಿ, ಅದರ ಮೇಲೊಂದು ಹೊದಿಕೆ ಹೊದಿಸಿ, ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟುತ್ತಾರೆ. ಮೋಟಾರು ಸೈಕಲ್ಲಿಗೆ ಚಳಿಯಾಗುತ್ತದೆಯೇ? ಅದಕ್ಕೆ ಉಸಿರು ಕಟ್ಟುತ್ತದೆಯೇ? ಅದನ್ನು ಯಾರೂ ಕೇಳಲಿಲ್ಲ. ಮೀನು ಹಾಲು ಕೊಡುವುದಿಲ್ಲ, ಸವಾರಿಗೆ ಬರುವುದಿಲ್ಲ, ನಮ್ಮ ಮನೆಯಲ್ಲಂತೂ ಸಾರಿಗೂ ಬರುವುದಿಲ್ಲ. ಉಪಯೋಗಕ್ಕೆ ಬಾರದವರಿಗೆ ಜಾಗ ಮಾಡಿಕೊಟ್ಟರೆ ಲೋಕಕ್ಕೆ ಏಕೆ ಅಷ್ಟು ತಳಮಳವೋ ತಿಳಿಯದು.

ಆ ಮೀನು, ಅಂದರೆ ನಮ್ಮ ಗೌಡರು, ನಿಮ್ಮ ಮನೆಗೆ ಬಂದ ದಿನ ನಾನೂ ರಾಯಚೂರಿನಲ್ಲೇ ಇದ್ದೆ. ನಿಮಗೆ ಮರೆತಿರಬಹುದು. ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ, ಬೆಳ್ಳಿ ಚಮಚದಂತೆ ಹೊಳೆಯುವ ಮೀನು. ಅಂಗಡಿಯವನು "ಶಾರ್ಕ್ ಅಮ್ಮಾ ಇದು, ಶೋಕಿ ಮೀನು" ಎಂದ. ಬೆಳೆದು ದೊಡ್ಡದಾದರೆ ಎಂದು ನಾನು ನಿಮ್ಮವ್ವನ ಕಿವಿಯಲ್ಲಿ ಕೇಳಿದ್ದನ್ನು ಅವನೇ ಕೇಳಿಸಿಕೊಂಡು, "ತೊಟ್ಟಿ ಎಷ್ಟ ಇರ್ತದೋ ಮೀನ ಅಷ್ಟs ಬೆಳಿತದ, ಅದಕ್ಕಿಂತ ಹೆಚ್ಚಿಗಿ ಬೆಳ್ಯಂಗಿಲ್ಲ" ಎಂದ. ಎಂಥ ಮಾತು! ಕೂಸಿಗೆ ಸಣ್ಣ ಅಂಗಿ ಹೊಲಿಸಿದರೆ ಕೂಸು ಬೆಳೆಯುವುದನ್ನು ನಿಲ್ಲಿಸುತ್ತದೆಯೇ? ಆಗಲೇ ಎದುರುತ್ತರ ಕೊಡಬೇಕಿತ್ತು. ಪಾಟಿ ಇರಲಿಲ್ಲ ಕೈಯಲ್ಲಿ.

ಮೂತಿಯ ಪಕ್ಕದಲ್ಲಿ ಮೀಸೆಯಂಥ ಎಳೆಗಳಿದ್ದುದರಿಂದ ಮಲ್ಲು ಅದಕ್ಕೆ ಗೌಡ ಎಂದು ಹೆಸರಿಟ್ಟ. ಹೆಸರು ಒಪ್ಪಿತು. ಯಾರ ಕಡೆಗೂ ನೋಡದೆ, ಹೊಲದ ಬದುವಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುವ ಗತ್ತು ಅದಕ್ಕಿತ್ತು. ಗೌಡ ಗೌಡರಾದರು. ಒಂದು ಮೊಳ ಮೀರಿ ಬೆಳೆದರು. ಗಾಜಿನ ಪೆಟ್ಟಿಗೆಯಲ್ಲಿ ಅವರು ಹೊರಳುವುದು ಸಂದಿಯಲ್ಲಿ ಟ್ರ್ಯಾಕ್ಟರು ತಿರುಗಿಸಿದಂತಾಯಿತು. ಒಂದು ಸಂಜೆ ನಿಮ್ಮವ್ವನ ಕುಕ್ಕರು ಕೂಗಿತು, ಗೌಡರು ಬೆದರಿ ಮೂಲೆಗೆ ಗುದ್ದಿದರು, ಗಾಜಿನ ಅಂಟು ಬಿಟ್ಟಿತು, ನೀರೆಲ್ಲ ಕೆಳಗಿನ ಮನೆಯ ಮಾಲೀಕರ ಗೋಡೆಗೆ ಇಳಿಯಿತು. ಗೌಡರನ್ನು ನೀಲಿ ಡ್ರಮ್ಮಿಗೆ ಹಾಕಿದರು. ಅದರಲ್ಲಿ ಅವರು ಬಾಲ ಮಡಚಿಕೊಂಡು ನಿಲ್ಲಬೇಕಾಯಿತೆಂದು ಭಾಗ್ಯಾ ಫೋನಿನಲ್ಲಿ ಅತ್ತಳು. ಹೊಸ ತೊಟ್ಟಿಗೆ ದಪ್ಪ ಗಾಜು ಹೈದರಾಬಾದಿನಿಂದ ಬರಬೇಕು, ಅಂಟು ಒಣಗಬೇಕು, ಅಲ್ಲಿಯತನಕ ಎಲ್ಲಾದರೂ ಇಟ್ಟುಕೊಳ್ಳಿ ಎಂದನಂತೆ ತೊಟ್ಟಿ ಮಾಡುವವನು. ಎಲ್ಲಾದರೂ ಅಂದರೆ ಎಲ್ಲಿ?

ಮಾನ್ವಿಯಲ್ಲಿರುವ ನನ್ನ ತಂಗಿಗೆ ನಿಮ್ಮಪ್ಪ ಕೇಳಿದರು. ಅವಳ ಗದ್ದೆಯ ಮಗ್ಗುಲಿಗೆ ನೀರು ನಿಲ್ಲಿಸುವ ಹೊಂಡವಿದೆ. ಅವಳು ಪ್ರಾಮಾಣಿಕಳು, "ಭತ್ತಕ್ಕ ಔಷಧ ಹೊಡೆದ ನೀರೆಲ್ಲ ಅದಕ್ಕs ಬರ್ತದ, ಕಪ್ಪಿನೂ ಉಳ್ಯಂಗಿಲ್ಲ" ಎಂದಳು. ಕಪ್ಪೆ ಉಳಿಯದ ನೀರು ಹರಿದ ಗದ್ದೆಯ ಅಕ್ಕಿ ನಮ್ಮ ಡಬ್ಬಿಯಲ್ಲಿದೆ ಎಂಬ ಸಿಟ್ಟು ಬೇರೆಯದು, ಅದನ್ನು ಇನ್ನೊಮ್ಮೆ ಮಾಡಿಕೊಳ್ಳುತ್ತೇನೆ.

ಆಮೇಲೆ ಭಾಗ್ಯಾ ನನಗೇ ಕೇಳಿದಳು. "ಅಜ್ಜೀ, ನಿನ್ನ ಅಂಗಳದಾಗ ಜಾಗಾ ಅದ ಅಲ್ಲ?" ಅದ ಎಂದೆ. "ಸಾಯಂಗಿಲ್ಲ ಅಲ್ಲ?" ಎಂದಳು. "ನಾ ಅದೀನಿ" ಎಂದುಬಿಟ್ಟೆ. ಮೀನನ್ನು ಹತ್ತಿರದಿಂದ ಮುಟ್ಟಿಯೂ ಗೊತ್ತಿಲ್ಲದವಳು ಎಂಥ ಧೈರ್ಯದಲ್ಲಿ ಹಾಗೆ ಅಂದೆನೋ! ಮೊಮ್ಮಗಳಿಗೆ ಕೊಟ್ಟ ಮಾತು ಅದು. ಗೌಡರು ನನ್ನ ಅಂಗಳದಲ್ಲಿ ಸತ್ತರೆ ಅದರ ಹಿಂದೆ ಆ ಮಾತೂ ಸಾಯುತ್ತಿತ್ತು.

ಇನ್ನು ಬಿಡಾರದ ವಿಷಯ. "ಸದ್ಯಕ್ಕ ಒಂದೀಟು ಅಡ್ಜಸ್ಟ್ ಮಾಡ್ರಿ ಅತ್ತೀ" ಎಂದರು ನಿಮ್ಮಪ್ಪ. ಸದ್ಯಕ್ಕೆ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ನಿಮ್ಮಪ್ಪನ ತಪ್ಪಿಲ್ಲ. ನಮ್ಮ ಕಡೆ ಸದ್ಯಕ್ಕೆ ಎಂದು ಹಾಕಿದ ಯಾವುದೂ ಎದ್ದುಹೋದದ್ದನ್ನು ನಾನು ಕಂಡಿಲ್ಲ. ದಾರಿಬದಿಗೆ ಸದ್ಯಕ್ಕೆಂದು ಹಾಕಿದ ತಗಡಿನ ನೆರಳಿಗೆ ಬಳ್ಳಿ ಹಬ್ಬಿ, ಬಳ್ಳಿಗೆ ಹೂವು ಬಿಟ್ಟು, ಹೂವಿನ ವ್ಯಾಪಾರವೇ ಅಲ್ಲಿ ಶುರುವಾಗಿದೆ. ನಿಮ್ಮಜ್ಜ ತೀರಿಕೊಂಡಾಗ ನನ್ನನ್ನು ನಡುಮನೆಯಿಂದ ಹಿತ್ತಲ ಖೋಲಿಗೆ ಕಳಿಸಿದ್ದೂ ಸದ್ಯಕ್ಕೇ. ಬಂದುಹೋಗುವ ಜನ ಹೆಚ್ಚಿದ್ದಾರೆ, ಸದ್ಯಕ್ಕೆ ಅಲ್ಲಿರು ಎಂದರು. ಬಂದವರೆಲ್ಲ ಹೋದರು. ನನ್ನ ಟ್ರಂಕು ಇನ್ನೂ ಅಲ್ಲೇ ಇದೆ. ಖೋಲಿ ಕೆಟ್ಟದ್ದಲ್ಲ, ಬೆಳಗಿನ ಬಿಸಿಲು ಬರುತ್ತದೆ. ಆದರೆ ಕಾಲು ಚಾಚಿದರೆ ಜೋಳದ ಚೀಲಕ್ಕೆ ತಾಗುತ್ತದೆ. ಹಾಗಾಗಿ ಒಂದು ಮಾತು ಗಟ್ಟಿ ಮಾಡಿಕೊಂಡೆ. ಅಗ್ಗದ್ದಿರಲಿ, ಸದ್ಯದ್ದಿರಲಿ, ಗೌಡರಿಗೆ ಹೊರಳಲು ಜಾಗವಿರಬೇಕು. ಹೊರಳಲು ಬಾರದ್ದು ಮನೆಯಲ್ಲ, ಡಬ್ಬಿ.

ನಿಮ್ಮಪ್ಪ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಯಾವುದೋ ದೇಶದ ದೊಡ್ಡ ಮನುಷ್ಯ, ಹಲಗೆ ಕೊಯ್ದು, ಸ್ಕ್ರೂ ಬಡಿದು ಅರ್ಧ ಗಳಿಗೆಯಲ್ಲಿ ಮೀನಿಗೆ ಕಟ್ಟೆ ಕಟ್ಟಿದ. ಅವನ ಹಿಂದೆ ಒಂದು ಗೋಡೆಯ ತುಂಬ ಸಾಮಾನು ನೇತುಹಾಕಿತ್ತು. ಅಷ್ಟು ಸಾಮಾನಿದ್ದರೆ ನಾನು ದೇವಸ್ಥಾನವನ್ನೇ ಕಟ್ಟುತ್ತಿದ್ದೆ. ನನ್ನ ಬಳಿ ಇದ್ದದ್ದು ಬಚ್ಚಲು ಕಟ್ಟಿಸಿ ಉಳಿದ ಉಸುಕಿನ ಗುಡ್ಡೆ. ಪಕ್ಕದ ಮನೆಯ ಖಾಜಾಬಿಯ ಗಂಡನದು ಹತ್ತಿ ಮತ್ತು ಖಾಲಿ ಚೀಲದ ವ್ಯಾಪಾರ. ಅವಳು ಗೋಡೆಯ ಮೇಲಿಂದ ಚೀಲ ಎಸೆದಳು. ಉಸುಕು ತುಂಬಿ, ಅಡತಿ ಅಂಗಡಿಯಲ್ಲಿ ಹಮಾಲರು ಭತ್ತದ ಚೀಲ ಒಟ್ಟುವ ಹಾಗೆ, ಕೆಳಗಿನ ಎರಡರ ಸಂದಿಯ ಮೇಲೆ ಮೇಲಿನದೊಂದು ಕೂಡುವಂತೆ ಸುತ್ತಲೂ ಒಟ್ಟಿದೆವು. ನಡುವೆ ಎತ್ತಿನ ಬಂಡಿಯಷ್ಟು ಅಗಲ ಜಾಗ ಬಿಟ್ಟೆವು. ಚೀಲಗಳ ಮೇಲಿಂದ ಒಳಗೆ ಹಾಸಿ ನೀರು ನಿಲ್ಲಿಸಲು ತಾಡಪತ್ರಿಯನ್ನೂ ಖಾಜಾಬಿಯೇ ಕೊಟ್ಟಳು.

ಗೌಡರು ಬೆದರಿದರೆ ಗುದ್ದುವವರು ಎಂಬುದು ನೆನಪಿತ್ತು. ಮೂತಿ ಕೆತ್ತೀತೆಂದು ತಾಡಪತ್ರಿಯ ಅಡಿಗೆ ನನ್ನ ದೊಡ್ಡ ಕೌದಿಯನ್ನು ಹಾಸಿದೆ. ನಿಮ್ಮಜ್ಜನ ಧೋತರ, ನನ್ನ ಹಸಿರು ಸೀರೆಗಳು, ನಿಮ್ಮವ್ವನ ಪರಕಾರ ಎಲ್ಲವೂ ಸೇರಿದ ಕೌದಿ. ಅದನ್ನು ಕಂಡು ನಿಂಗಮ್ಮ, ಅಂದರೆ ನನ್ನ ಮೈದುನನ ಹೆಂಡತಿ, ನಡುಮನೆಯಿಂದ ಓಡಿ ಬಂದಳು. "ಯಕ್ಕಾ, ಆ ಕೌದಿ ಮ್ಯಾಲ ನನ್ನ ಕುಂಡ್ರಾಕೂ ಬಿಟ್ಟಿಲ್ಲ ನೀ. ಮೀನ ಮಲಗಸ್ತೀ?" ಎಂದಳು. ನೀನು ಗೋಡೆಗೆ ಗುದ್ದುವುದಿಲ್ಲವಲ್ಲ ಎನ್ನಬೇಕೆಂದಿದ್ದೆ. ಎನ್ನಲಿಲ್ಲ.

ನಮ್ಮ ನಳದ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ. ಹಾಗಾಗಿ ಒಂದು ದಿನ ಬಿಸಿಲಿಗೆ ಬಿಟ್ಟು ವಾಸನೆ ಹೋದ ಮೇಲೆ, ನಿಮ್ಮಪ್ಪ ಡ್ರಮ್ಮಿನಲ್ಲೇ ತಂದ ಗೌಡರನ್ನು ಇಳಿಸಿದೆವು. ಅವರು ನೆಗೆಯದಂತೆ, ಬೆಕ್ಕು ಕೈ ಹಾಕದಂತೆ ಮೇಲೆ ನುಲಿ ಹೆಣೆದ ಹೊರಸು ಮಂಚವನ್ನು ಬೋರಲು ಹಾಕಿದೆ. ಗಾಳಿ ಬಿಡುವ ಪುಟ್ಟ ಮೋಟಾರು ನಿಮ್ಮಪ್ಪ ಕೊಟ್ಟುಹೋದರು. ಅದು ಕರೆಂಟು ಇದ್ದಾಗ ಗುಳುಗುಳು ಎನ್ನುತ್ತಿತ್ತು, ಇಲ್ಲದಾಗ ಗೌಡರೇ ಮೇಲೆ ಬಂದು ಬಾಯಿತುಂಬ ಗಾಳಿ ಕುಡಿದು ಹೋಗುತ್ತಿದ್ದರು. ಸ್ವಾವಲಂಬಿ ಪ್ರಾಣಿ.

ಈಗ ನಾಲ್ಕು ಕೊಡಗಳ ವಿಷಯ ಹೇಳಬೇಕು, ಏಕೆಂದರೆ ಮುಂದಿನದಕ್ಕೆಲ್ಲ ಅವೇ ಕಾರಣ. ತಾಡಪತ್ರಿಯ ಅಂಚು ಗಾಳಿಗೆ ಏಳದಿರಲಿ ಎಂದು ನಾಲ್ಕು ಮೂಲೆಗೂ ಒಂದೊಂದು ತುಂಬಿದ ಕೊಡ ಇಟ್ಟೆ. ಬಿಸಿಲಿಗೆ ಬಿಟ್ಟ ನೀರೇ ಅವುಗಳಲ್ಲಿತ್ತು, ನೀರು ಬದಲಿಸಲು ಕೈಗೆ ಸಿಗಲಿ ಎಂದು. ಕೊಡಗಳು ಉರುಳದಂತೆ ಕೊರಳಿನಿಂದ ಕೊರಳಿಗೆ ಚೀಲ ಹೊಲಿಯುವ ಸುತಳಿಯನ್ನು ಸುತ್ತಿ ಬಿಗಿದೆ. ನಾಲ್ಕು ಮೂಲೆಗೆ ನಾಲ್ಕು ಕೊಡ, ಸುತ್ತಲೂ ದಾರ, ನಡುವೆ ನೀರಲ್ಲಿ ಕುಳಿತ ಗೌಡರು. ಇದು ಯಾವುದರಂತೆ ಕಾಣುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಓಣಿಗೆ ಹೊಳೆಯಿತು.

ಗೌಡರನ್ನು ನೋಡಲು ಬಂದವರು ಒಬ್ಬಿಬ್ಬರಲ್ಲ, ಬಂದವರೆಲ್ಲ ಒಂದೊಂದು ಉಪದೇಶ ತಂದರು. ನನ್ನ ಮೈದುನ, "ಕೃಷ್ಣಾ ಹೊಳಿಗೆ ಬಿಟ್ಟು ಬಂದ್ರಾತು, ಪುಣ್ಯಾನೂ ಬರ್ತದ" ಎಂದ. ಎಷ್ಟು ಸುಲಭದ ಪುಣ್ಯ! ಹರಿದ ದೇವರ ಪಟ, ಹಳೆಯ ಕಂಕಣ, ಒಣಗಿದ ಹಾರ, ಬೇಡವಾದ ಮೀನು, ಎಲ್ಲವನ್ನೂ ಹೊಳೆಗೆ ಬಿಟ್ಟು ಕೈ ತೊಳೆದುಕೊಂಡು ಬರುವವರಿಗೆ ಹೊಳೆ ಏನನ್ನುತ್ತದೆ ಎಂದು ಒಮ್ಮೆ ಕೇಳಬೇಕು. ಹುಟ್ಟಿದಾಗಿನಿಂದ ಬಟ್ಟಲಲ್ಲಿ ಉಂಡವರು ಗೌಡರು, ಹೊಳೆಯಲ್ಲಿ ಅವರಿಗೆ ಯಾರು ಬಡಿಸಬೇಕು? ಉಳಿದುಕೊಂಡರೋ, ಹೊಳೆಯ ಸಣ್ಣ ಮೀನುಗಳ ಗತಿಯೇನು? ಗೌಡಿಕೆ ಅಲ್ಲೂ ನಡೆಸುವುದಿಲ್ಲವೇ? ಕಳಚಿಕೊಳ್ಳುವುದಕ್ಕೆ ಬಿಡುಗಡೆ ಎಂದು ಹೆಸರಿಟ್ಟರೆ ಅದು ದಯೆಯಾಗುವುದಿಲ್ಲ.

ಖಾಜಾಬಿ ಮಾತ್ರ ಉಪದೇಶ ಮಾಡದೆ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅರೇ ಶಿವಮ್ಮಕ್ಕಾ, ಇದು ಬಜಾರದಾಗ ತುಕ್ಡಾ ಮಾಡಿ ಮಾರೋ ಮೀನs ಅದ! ಮೊನ್ನೆ ನಮ್ಮ ಮನ್ಯಾಗ ಸಾಲನ್ ಮಾಡೀನಿ. ಯಾ ಅಲ್ಲಾ, ಇನ್ನ ಹ್ಯಾಂಗ ತಿನ್ನಲಿ ನಾ?" ಎಂದಳು. ಮರುದಿನದಿಂದ ಗೋಡೆಯಾಚೆಯಿಂದಲೇ "ಸಲಾಂ ಗೌಡ್ರs, ನಾಷ್ಟಾ ಆತೇನ್ರಿ?" ಎಂದು ಕೇಳತೊಡಗಿದಳು. ನಾಷ್ಟಾ ಎಂದರೆ ಜೋಳದ ರೊಟ್ಟಿಯ ಚೂರು. ಮೊದಲ ದಿನ ಉಗುಳಿದರು. ನಿಮ್ಮಪ್ಪ ಕೊಟ್ಟ ಕಾಳಿನ ಜೊತೆ ಬೆರೆಸಿದರೆ ತಿಂದರು. ಮೂರನೆಯ ದಿನ ಬರೀ ರೊಟ್ಟಿಯನ್ನೇ ನನ್ನ ಬೆರಳಿನಿಂದ ಎಳೆದುಕೊಂಡರು. ಆ ಎಳೆತಕ್ಕೆ ನಾನು ನಕ್ಕುಬಿಟ್ಟೆ. ಅಂಗಳದಲ್ಲಿ ಒಬ್ಬಳೇ ಕುಳಿತು ನಕ್ಕದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಈಗ ಸಿಟ್ಟಿನ ಬುಡಕ್ಕೆ ಬರುತ್ತೇನೆ. ಭಾಗ್ಯಾ, ಮಲ್ಲು, ನೀವು ಸುರಗಿ ನೋಡಿರಬಹುದು, ಆದರೆ ಮೊಬೈಲು ನೋಡುತ್ತಾ ನೋಡಿರುತ್ತೀರಿ. ಮದುವೆಯಲ್ಲಿ ನಾಲ್ಕು ಮೂಲೆಗೆ ನೀರಿನ ಕೊಡ ಇಟ್ಟು, ಕೊರಳಿಗೆ ಬಿಳಿ ನೂಲು ಸುತ್ತಿ, ನಡುವೆ ಮದುಮಗಳನ್ನೋ ಮದುಮಗನನ್ನೋ ಕೂರಿಸಿ, ಅರಿಷಿಣ ಎಣ್ಣೆ ಹಚ್ಚಿ ನೀರು ಹಾಕುವುದು ಸುರಗಿ. ಹಚ್ಚುವವರು, ಹಾಕುವವರು ಮುತ್ತೈದೆಯರೇ. ಗಂಡ ಇಲ್ಲದವರು ಆ ನೂಲಿನ ಹತ್ತಿರ ಸುಳಿಯಬಾರದು. ನಿಮ್ಮವ್ವನ ಸುರಗಿ ಹಾಕಿದ್ದು ಇದೇ ಅಂಗಳದಲ್ಲಿ. ನಾನು ಅಡಿಗೆಮನೆಯ ಬಾಗಿಲ ಹಿಂದೆ ಸೌಟು ಹಿಡಿದು ನಿಂತಿದ್ದೆ. ಸಂದಿಯಿಂದ ಅವಳ ಸೀರೆಯ ಒದ್ದೆ ಅಂಚಷ್ಟೇ ಕಂಡಿತು. ಒಮ್ಮೆ "ಯವ್ವಾ" ಎಂದಳು. ಹಾಡು ಜೋರಾಗಿತ್ತು, ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು.

ಗೌಡರು ಬಂದ ವಾರದಲ್ಲೇ ಹಿಂದಿನ ಓಣಿಯಲ್ಲಿ ಒಂದು ಮದುವೆ. ನಿಂಗಮ್ಮ ನಾಲ್ಕಾರು ಹೆಂಗಸರ ಜೊತೆ ಸುರಗಿ ಮುಗಿಸಿ ಬಂದಳು. ಎಲ್ಲರ ಕೆನ್ನೆಯ ಮೇಲೂ ಅರಿಷಿಣ, ನಿಂಗಮ್ಮನ ಕೈಯಲ್ಲಿ ಎಣ್ಣೆ ಅರಿಷಿಣ ಕಲಸಿದ ಬಟ್ಟಲು, ಇನ್ನೂ ಅರ್ಧ ಇತ್ತು. ಅಂಗಳಕ್ಕೆ ಕಾಲಿಟ್ಟವರೇ ಕೊಡಗಳನ್ನು ನೋಡಿದರು, ಸುತಳಿ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯವ್ವಾ ಯವ್ವಾ, ಗೌಡ್ರಿಗೆ ಸುರಗಿ ಹಾಕ್ಯಾಳಲ್ಲಬೇ ಶಿವಮ್ಮ!"

"ಹೆಣ್ಣ ಯಾ ಊರದು? ಆಲಮಟ್ಟಿದೋ, ನಾರಾಯಣಪುರದ್ದೋ?"

"ಮೀಸಿಗಿ ಅರಿಷಿಣ ಹಚ್ಚಲಿಲ್ಲಂದ್ರ ಗೌಡ್ರು ಸಿಟ್ಟಾಗ್ತಾರ ನೋಡ್ರೇ."

ನಾನೂ ನಕ್ಕೆ. ಒಳ್ಳೆಯ ಚೇಷ್ಟೆಗೆ ನಗಬೇಕು. ಇಬ್ಬರು ಹೊರಸು ಎತ್ತಿದರು. ಗೌಡರು ಮೂಲೆ ಹಿಡಿದರು. ಹೆದರುತ್ತದೆ ಬಿಡ್ರೇ ಎಂದು ಮುಂದೆ ಹೋದೆ. ಆಗ ನಿಂಗಮ್ಮ ಬಟ್ಟಲು ಎತ್ತಿ ಹಿಡಿದು ನಗುನಗುತ್ತಲೇ ಅಂದಳು, "ನೀ ಆ ಕಡಿ ಸರೀಬೇಕಲ್ಲ ಯಕ್ಕಾ. ಸುರಗ್ಯಾಗ ನೀ ಬರಬಾರದು."

ಒಬ್ಬಿಬ್ಬರ ನಗು ನಿಂತಿತು. ಉಳಿದವರು ಚೇಷ್ಟೆಯೆಂದೇ ನಕ್ಕರು. ಚೇಷ್ಟೆಯೇ ಇರಬೇಕು. ನಿಂಗಮ್ಮ ಕೆಟ್ಟವಳಲ್ಲ, ನನಗೆ ಜ್ವರ ಬಂದಾಗ ಗಂಜಿ ಕಾಯಿಸಿದವಳು. ಆದರೆ ಮಕ್ಕಳೇ, ನನ್ನ ಸಿಟ್ಟು ಅವಳ ಮಾತಿನ ಮೇಲಲ್ಲ, ನನ್ನ ಕಾಲುಗಳ ಮೇಲೆ. ಅವು ಸರಿದವು. ನಾನು ಹೇಳದೆಯೇ ಸರಿದವು. ನನ್ನ ಉಸುಕು, ನನ್ನ ಕೌದಿ, ನಾನೇ ಕಟ್ಟಿದ ಬಿಡಾರ, ನಡುವೆ ಒಂದು ಮೀನು. ಮೀನಿನ ಸುರಗಿಯಿಂದಲೂ ಹಿಂದೆ ಸರಿದು, ಹೋಗಿ ಅದೇ ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ! ಕೈಯಲ್ಲಿ ಸೌಟೊಂದೇ ಇರಲಿಲ್ಲ.

ಅಂಗಳದಲ್ಲಿ ಹಾಡು ಶುರುವಾಯಿತು. ನೀರು ಚೆಲ್ಲಾಡಿದ ಸದ್ದು. ಬಟ್ಟಲಿನ ಎಣ್ಣೆಯನ್ನೆಲ್ಲ ಬಿಡಾರಕ್ಕೆ ಸುರಿದಿದ್ದರು. ನಗು, ಚಪ್ಪಾಳೆ, ಮತ್ತೆ ಸದ್ದು. ಆಮೇಲೆ ಯಾರೋ "ಅಯ್ಯ, ಹೊಟ್ಟಿ ಮ್ಯಾಲ ಮಾಡ್ತು ನೋಡs" ಎಂದರು. ಹಾಡು ನಿಂತಿತು.

"ಸತ್ತೀತು ಬಿಡ್ರೇ."

"ಕೆಡೂಕಿಂತ ಮೊದ್ಲ ಯಾರಿಗರೆ ಕೊಟ್ಟುಬಿಡ್ರಿ, ಉಣ್ಣೋರು ಉಣ್ತಾರ."

ನಾನು ಹೊರಗೆ ಬಂದೆ. ಹೇಗೆ ಬಂದೆನೋ ನೆನಪಿಲ್ಲ. ನೀರಿನ ಮೇಲೆ ಹಳದಿ ಎಣ್ಣೆಯ ತೆರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಮುಚ್ಚಿಕೊಂಡಿತ್ತು. ಕರೆಂಟು ಇರಲಿಲ್ಲ, ಮೋಟಾರು ಸುಮ್ಮನಿತ್ತು. ಮೇಲೆ ಬಂದು ಗಾಳಿ ಕುಡಿಯುವ ಪ್ರಾಣಿಗೆ ಮೇಲೆ ಎಣ್ಣೆ ಸಿಕ್ಕಿತ್ತು. ಗೌಡರು ಬಿಳಿ ಹೊಟ್ಟೆ ಮೇಲೆ ಮಾಡಿ ತಾಡಪತ್ರಿಯ ಅಂಚಿಗೆ ಒರಗಿದ್ದರು. "ಸಾಯಂಗಿಲ್ಲ ಅಲ್ಲ?" ಎಂದ ಭಾಗ್ಯಾಳ ದನಿ ಕಿವಿಯಲ್ಲೇ ಇತ್ತು.

"ಖಾಜಾಬೀ! ಹತ್ತಿ ತಾ! ಇದ್ದಷ್ಟು ತಾ!"

ಆ ದನಿ ಯಾರದೆಂದು ಎಲ್ಲರೂ ತಿರುಗಿ ನೋಡಿದರು. ನಾನೂ ತಿರುಗಿ ನೋಡುತ್ತಿದ್ದೆನೇನೋ, ಸಮಯವಿರಲಿಲ್ಲ. ಸುತಳಿಯನ್ನು ದಾಟಿ, ಸೀರೆ ಎತ್ತಿಕಟ್ಟದೆ, ಮೊಣಕಾಲಿನವರೆಗೂ ನೀರಿಗಿಳಿದೆ. ಎಣ್ಣೆಯನ್ನು ಏನು ಕುಡಿಯುತ್ತದೆ ಎಂಬುದು ದಿನಾ ಸಂಜೆ ಬತ್ತಿ ಹೊಸೆಯುವವಳಿಗೆ ಹೇಳಿಕೊಡಬೇಕೇ? ಖಾಜಾಬಿ ಗೋಡೆಯ ಮೇಲಿಂದ ಹತ್ತಿಯ ಗಂಟನ್ನೇ ಉರುಳಿಸಿ, ಹಿಂದೆಯೇ ತಾನೂ ಓಡಿ ಬಂದಳು. ಇಬ್ಬರೂ ನೀರಿನ ಮೇಲೆ ಹತ್ತಿ ಹರಡಿದೆವು. ಬಿಳಿ ಹತ್ತಿ ಹಳದಿಯಾಗುತ್ತಾ ಬಂತು, ತೆಗೆದೆಸೆದೆವು, ಮತ್ತೆ ಹರಡಿದೆವು. ನಿಂಗಮ್ಮ ಬಟ್ಟಲು ಕೆಳಗಿಟ್ಟು ಎರಡು ಕೈಯಲ್ಲೂ ಹತ್ತಿ ಬಾಚಿ ಬಾಚಿ ತೆಗೆದಳು. ಅದನ್ನೂ ಹೇಳಬೇಕು, ಹೇಳದಿದ್ದರೆ ಸುಳ್ಳಾಗುತ್ತದೆ.

ತೆರೆ ಹರಿಯಿತು. ಗೌಡರು ಅಲುಗಲಿಲ್ಲ. ಗಾಳಿ ಬೇಕಿತ್ತು, ಒಳ್ಳೆಯ ನೀರು ಬೇಕಿತ್ತು. ಒಳ್ಳೆಯ ನೀರು ಎಲ್ಲಿತ್ತೆಂದರೆ, ಅವರು ಇನ್ನೂ ಮುಟ್ಟದ ಆ ನಾಲ್ಕು ಕೊಡಗಳಲ್ಲಿ. ಸುತಳಿ ಕಿತ್ತೆ. ಮೊದಲ ಕೊಡ ಎತ್ತಿ ಗೌಡರ ಮೇಲೆ ಎತ್ತರದಿಂದ ಸುರಿದೆ, ನೊರೆ ಏಳುವ ಹಾಗೆ. ಎರಡನೆಯದನ್ನು ಸುರಿದೆ. ಮೂರನೆಯದನ್ನು ಎತ್ತುವಾಗ ನಿಂಗಮ್ಮ ಮೆಲ್ಲಗೆ, "ಯಕ್ಕಾ, ಸುರಗಿ ನೀರು ನೀ..." ಎಂದು ಬಾಯಿಯ ಮಾತು ಬಾಯಲ್ಲೇ ನುಂಗಿದಳು. ಚೇಷ್ಟೆ ಮರೆತು ನಿಜವಾಗಿ ಹೆದರಿ ಅಂದ ಮಾತು ಅದು. ನಾಲ್ಕನೆಯ ಕೊಡವನ್ನೂ ಸುರಿದೆ.

ಗೌಡರ ಬಾಲ ಒಮ್ಮೆ ಅಲುಗಿತು. ಮಗ್ಗುಲಾದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೊರಳಿ, ನನ್ನ ಕಾಲಿಗೆ ಒಂದು ಗುದ್ದು ಕೊಟ್ಟು ಮುಂದೆ ಹೋದರು.

"ನೋಡ ನಿಂಗವ್ವಾ," ಎಂದೆ. ನೀರಲ್ಲಿ ನಿಂತೇ ಇದ್ದೆ, ದನಿ ನಡುಗಲಿಲ್ಲ. "ನನ್ನ ಕೈಲೆ ನೀರ ಬಿತ್ತು. ಸತ್ತನೇನು?"

ಖಾಜಾಬಿ ಮೂಗಿನ ಮೇಲಿದ್ದ ಹತ್ತಿ ಒರೆಸಿಕೊಂಡು, "ಗೌಡ್ರಿಗಿ ಸುರಗಿ ಆತು, ಇನ್ನ ದಾವತ್ ಯಾವಾಗ ಅಕ್ಕಾ?" ಎಂದಳು. ನಿಂಗಮ್ಮನೇ ಮೊದಲು ನಕ್ಕಳು, ಕಣ್ಣಲ್ಲಿ ನೀರಿತ್ತು. ಒಣ ಸೀರೆ ತಂದುಕೊಟ್ಟದ್ದೂ ಅವಳೇ. ಅವಳ ಮದುವೆಯ ಕಾಲದ ಹಸಿರು ಸೀರೆ, ಅವಸರಕ್ಕೆ ಕೈಗೆ ಸಿಕ್ಕದ್ದು ಎಂದಳು. ನಾನು ಉಟ್ಟೆ.

ಆ ಸಂಜೆ ನಿಮ್ಮಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದರೆ, ಅವರು ನಗುತ್ತಾ, "ಅತ್ತೀ, ಆ ಜಾತಿ ಮೀನs ಹಂಗ್ರಿ. ಹೆದರಿದ್ರ ಸತ್ತಂಗ ಬಿದ್ದುಬಿಡ್ತಾವ. ಮತ್ತ ತಾವs ಏಳ್ತಾವ" ಎಂದರು. ನನಗೆ ಬಂದ ಸಿಟ್ಟು ಕೇಳಬೇಡಿ! ಎಣ್ಣೆಗೆ ಬಿದ್ದರೋ, ಹಾಡಿಗೆ ಹೆದರಿ ಬಿದ್ದರೋ ಗೌಡರೇ ಹೇಳಬೇಕು, ಅವರು ಹೇಳುವವರಲ್ಲ. ಅಷ್ಟು ಹತ್ತಿ, ಅಷ್ಟು ಕೂಗಾಟ, ಎಲ್ಲ ಅವರ ನಾಟಕಕ್ಕೋ ಏನೋ! ಹೋಗಿ ಹೊರಸಿನ ಸಂದಿಯಿಂದ ಬೈದೆ. ಅವರು ರೊಟ್ಟಿಗೆ ಬಾಯಿ ತೆರೆದರು. ಬೈಯುತ್ತಾ ಬೈಯುತ್ತಾ ನನ್ನ ದನಿ ಇಳಿಯಿತು. ಹೆದರಿದಾಗ ಸತ್ತಂತೆ ಬಿದ್ದಿರುವುದು ಮೀನಿನ ಜಾತಿಗಷ್ಟೇ ಗೊತ್ತಿರುವ ವಿದ್ಯೆ ಏನಲ್ಲವಲ್ಲ.

ಈಗ ಗೌಡರು ನಿಮ್ಮ ಮನೆಯ ಹೊಸ ತೊಟ್ಟಿಯಲ್ಲಿದ್ದಾರೆ. ಹೊರಳಲು ಜಾಗ ಸಾಕೇ ಎಂದು ನೋಡಿ ತಿಳಿಸಿ. ಇನ್ನೂ ಬೆಳೆದರೆ ಸಂಕೋಚ ಬೇಡ, ಅಂಗಳ ಇಲ್ಲೇ ಇದೆ. ಉಸುಕಿನ ಚೀಲಗಳನ್ನು ನಾನು ಇನ್ನೂ ತೆಗೆದಿಲ್ಲ. ನಿಂಗಮ್ಮ ಬಂದು, "ಯಕ್ಕಾ, ಸದ್ಯಕ್ಕ ಇರ್ಲಿ ಬಿಡು, ಸಂಜಿಕ ಕುಂಡ್ರಾಕ ಚಲೋ ಅದ" ಎಂದಳು. ಸದ್ಯಕ್ಕೆ ಎಂಬ ಮಾತಿಗೆ ನನಗೆ ಸಿಟ್ಟು ಬಾರದ್ದು ಅದೊಂದೇ ಸಲ. ಸಂಜೆ ಖಾಜಾಬಿಯೂ ಸೇರಿ ನಾವು ಮೂವರೂ ಅವುಗಳ ಮೇಲೆ ಕೂರುತ್ತೇವೆ. ಜೋಳದ ಚೀಲ ಈಗ ನನ್ನ ಖೋಲಿಯಲ್ಲಿಲ್ಲ, ನಡುಮನೆಗೆ ಹೋಗಿದೆ. ನಾನೇ ಎಳೆದು ಹಾಕಿದೆ. ಯಾರೂ ಕೇಳಲಿಲ್ಲ.

ಕೌದಿಯನ್ನು ಒಗೆದು ಒಣಗಿಸಿ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಂದು ಮೂಲೆಯಲ್ಲಿ ಅರಿಷಿಣದ ಕಲೆ ಹೋಗಿಲ್ಲ, ಹೋಗುವುದು ಬೇಡ. ಈ ಹಾಳೆಗಳನ್ನು ಅದರ ಮಡಿಕೆಯೊಳಗೇ ಇಟ್ಟಿದ್ದೇನೆ. ಭಾಗ್ಯಾ, ನಿನಗೂ ಒಂದು ದಿನ ಸುರಗಿ ಹಾಕುತ್ತಾರೆ. ಮಲ್ಲು, ನಿನಗೂ. ಆ ದಿನ ನಾಲ್ಕು ಕೊಡ ಇಟ್ಟು ನೂಲು ಸುತ್ತುವ ಮೊದಲು ಇದನ್ನು ತೆಗೆದು ಓದಿ. ಓದಿ, ಅಡಿಗೆಮನೆಯ ಬಾಗಿಲ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ಹೋಗಿ ನೋಡಿ. ನಾನಾಗಿದ್ದರೆ ನಾನು. ನಾನಿಲ್ಲದಿದ್ದರೆ ಬೇರೆ ಯಾರೋ ಇರುತ್ತಾರೆ, ಇದ್ದೇ ಇರುತ್ತಾರೆ. ಕೈ ಹಿಡಿದು ಕರೆದುಕೊಂಡು ಬಂದು ಒಂದು ಕೊಡ ಕೊಡಿ.

ಅಲ್ಲಿಯತನಕ ಈ ಹಾಳೆಗಳು ಜೋಪಾನ. ಟ್ರಂಕಿನಲ್ಲಿಡಿ, ಕಪಾಟಿನಲ್ಲಿಡಿ, ನೀರು ತಾಗದ ಕಡೆ ಎಲ್ಲಿ ಬೇಕಾದರೂ ಇಡಿ. ಗೌಡರ ತೊಟ್ಟಿಯ ಹತ್ತಿರ ಮಾತ್ರ ಬೇಡ. ಕುಕ್ಕರು ಕೂಗಿದರೆ ಅವರ ಮೇಲೆ ನನಗೆ ನಂಬಿಕೆಯಿಲ್ಲ.